ಉತ್ತರ ಗೊತ್ತಿರದ ಪ್ರಶ್ನೆಗಳು: ನಿವೃತ್ತ ಮಾಸ್ತರರೊಬ್ಬರ ಪತ್ರಕ್ಕೆ

ಪ್ರಶ್ನೆ: ನಾನು ಅಂಕೋಲಾ ತಾಲ್ಲೂಕಿನವನು. 1993ರಲ್ಲಿ ಸರ್ಕಾರಿ ಪ್ರೌಢಶಾಲೆಗೆ ಗಣಿತ ಮತ್ತು ವಿಜ್ಞಾನದ ಶಿಕ್ಷಕನಾಗಿ ಸೇರಿ, ಈ ವರ್ಷ ಮೇ 31ರಂದು ನಿವೃತ್ತನಾದೆ. ಮನೆಯಲ್ಲಿ ಎಂಬತ್ತು ದಾಟಿದ ತಾಯಿ, ಹೆಂಡತಿ ಮತ್ತು ನಾನು ಇದ್ದೇವೆ. ಬೆಳಿಗ್ಗೆ ಒಂಬತ್ತಕ್ಕೆ ಸ್ನಾನ, ತಿಂಡಿ ಮುಗಿಸಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂರುತ್ತೇನೆ, ಮುಂದೇನೆಂದು ತಿಳಿಯುವುದಿಲ್ಲ. ಒಂದು ದಿನ ಅಡುಗೆಮನೆಯ ಡಬ್ಬಿಗಳಿಗೆಲ್ಲ ಹೆಸರು ಬರೆದು ಅಂಟಿಸಿ, ಒಲೆಯ ಪಕ್ಕದಲ್ಲಿದ್ದ ಉಪ್ಪಿನ ಭರಣಿಯನ್ನು ಮೇಲಿನ ಹಲಗೆಗೆ ಎತ್ತಿಟ್ಟೆ. ಹೆಂಡತಿ ಎಲ್ಲವನ್ನೂ ಮೊದಲಿದ್ದಲ್ಲಿಗೇ ತಂದಿಟ್ಟು ಎರಡು ದಿನ ಮಾತನಾಡಲಿಲ್ಲ. ಬೆಂಗಳೂರಿನಲ್ಲಿರುವ ಮಗನ ಏಳು ವರ್ಷದ ಮಗಳು ಮೊದಲು ವಿಡಿಯೊ ಕರೆಯಲ್ಲಿ ಅರ್ಧ ಗಂಟೆ ಹರಟುತ್ತಿದ್ದಳು. ನಾನು ದಿನವೂ ಮಗ್ಗಿ ಕೇಳತೊಡಗಿದ ಮೇಲೆ ಫೋನನ್ನು ಅಮ್ಮನ ಕೈಗೆ ಕೊಟ್ಟು ಓಡುತ್ತಾಳೆ. ಊರಿನ ಮನೆ ಮಾರಿ, ನಿವೃತ್ತಿಯ ಹಣವನ್ನೂ ಸೇರಿಸಿ ದೊಡ್ಡ ಫ್ಲ್ಯಾಟ್ ಕೊಂಡು ಎಲ್ಲರೂ ಒಟ್ಟಿಗಿರೋಣ ಎಂದು ಮಗ ಹೇಳುತ್ತಿದ್ದಾನೆ. ಮನೆ ನನ್ನ ತಂದೆಯವರು ದುಡಿದು ಕಟ್ಟಿಸಿದ್ದು. ಅವರು ಉಯಿಲು ಬರೆದಿಟ್ಟಿಲ್ಲ. ನನಗೆ ಇಬ್ಬರು ತಂಗಿಯರಿದ್ದಾರೆ. ತಾಯಿ ಏನನ್ನೂ ಹೇಳುವುದಿಲ್ಲ. ಹಳೆಯ ಶಾಲೆಗೇ ಹೋಗಿ ಉಚಿತವಾಗಿ ಪಾಠ ಮಾಡಲೇ ಎಂದೂ ಯೋಚಿಸುತ್ತಿದ್ದೇನೆ. ನಾನು ಯಾವುದರಿಂದ ಆರಂಭಿಸಲಿ?

ಉತ್ತರ: ಮಾಸ್ತರರೇ, ನಾನು ಘಟ್ಟದ ಮೇಲೆ, ಶಿರಸಿಯ ಸುತ್ತಮುತ್ತಲ ಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಆಮೇಲಿನ ವರ್ಷಗಳಲ್ಲಿ ನಿವೃತ್ತರ ಜೊತೆಗೂ ಅವರ ಮನೆಯವರ ಜೊತೆಗೂ ಕೂತು ಇಂಥ ಸಂಗತಿಗಳನ್ನು ಮಾತನಾಡುವುದೇ ನನ್ನ ಕೆಲಸವಾಗಿದೆ. ಮೇ 31 ಎಂದು ಓದಿದ ಕೂಡಲೇ ನಿಮ್ಮ ದಾಖಲೆಯ ಜನ್ಮದಿನ ಜೂನ್ 1 ಇರಬಹುದೆಂದು ಊಹಿಸಿದೆ. ನಮ್ಮ ತಲೆಮಾರಿನಲ್ಲಿ ಹುಟ್ಟಿದ ದಿನ ಮನೆಯವರಿಗೆ ನೆನಪಿಲ್ಲದಿದ್ದರೆ ಶಾಲೆಗೆ ಸೇರಿಸಿಕೊಳ್ಳುವ ಮಾಸ್ತರರು ಜೂನ್ 1 ಎಂದು ಬರೆದುಬಿಡುತ್ತಿದ್ದರು. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬುದು ನಿಯಮವಾದ್ದರಿಂದ, ಮೇ ಕೊನೆಗೆ ಅನೇಕ ಶಿಕ್ಷಕರು ಒಟ್ಟಿಗೇ ಮನೆಗೆ ಬರುತ್ತಾರೆ. ಕರಾವಳಿಯಲ್ಲಿ ಇದಕ್ಕಿಂತ ಕಷ್ಟದ ಹೊತ್ತು ಇನ್ನೊಂದಿಲ್ಲ. ಅದೇ ವಾರ ಶಾಲೆಗಳು ತೆರೆಯುತ್ತವೆ, ಮಳೆ ಹಿಡಿಯುತ್ತದೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬಂದರು, ಪೇಟೆಗಳೂ ಸಪ್ಪಗಿರುತ್ತವೆ. ಶಾಲೆಯ ಗಂಟೆ ಕೇಳಿಸುತ್ತದೆ, ಹೊರಗೆ ಕಾಲಿಡುವಂತಿಲ್ಲ, ಮನೆಯಲ್ಲಿ ಮಾಡಲು ಕೆಲಸವಿಲ್ಲ. ನೀವು ಕೂತಲ್ಲಿ ಕೂರಲಾರದೆ ಡಬ್ಬಿಗಳ ಕಡೆ ಕೈಚಾಚಿದ್ದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ.

ನಿಮ್ಮ ಪತ್ರವನ್ನು ಎರಡನೆಯ ಸಲ ಓದಿದಾಗ ಬೇರೊಂದು ವಿಷಯ ಕಣ್ಣಿಗೆ ಬಿತ್ತು. ಅದರಲ್ಲಿ ತಾಯಿ, ಹೆಂಡತಿ, ಮಗ, ಸೊಸೆ, ಮೊಮ್ಮಗಳು, ತಂಗಿಯರು ಎಲ್ಲರೂ ಬರುತ್ತಾರೆ; ಅವರು ಏನು ಮಾಡಿದರು ಎಂಬುದನ್ನು ನೀವು ಬಹಳ ನಿಖರವಾಗಿ ಬರೆದಿದ್ದೀರಿ. ಅವರಲ್ಲಿ ಒಬ್ಬರನ್ನಾದರೂ "ನಿನಗೆ ಏನು ಬೇಕು, ಏಕೆ ಹೀಗೆ ಮಾಡಿದೆ" ಎಂದು ಕೇಳಿದ ಸುಳಿವು ಮಾತ್ರ ಪತ್ರದಲ್ಲೆಲ್ಲೂ ಇಲ್ಲ. ಮೊಮ್ಮಗಳನ್ನು ಕೇಳಿದ್ದೀರಿ, ಆದರೆ ಮಗ್ಗಿ ಕೇಳಿದ್ದೀರಿ.

ಇದು ನಮ್ಮ ವೃತ್ತಿ ನಮ್ಮೊಳಗೆ ಊರಿಸಿಹೋದ ಅಭ್ಯಾಸ. ತರಗತಿಯಲ್ಲಿ ಮಾಸ್ತರರು ದಿನಕ್ಕೆ ನೂರು ಪ್ರಶ್ನೆ ಕೇಳಿದರೂ ಅವುಗಳ ಉತ್ತರ ಮೊದಲೇ ಅವರಿಗೆ ಗೊತ್ತಿರುತ್ತದೆ. ಗೊತ್ತಿರಲೇಬೇಕು, ಇಲ್ಲದಿದ್ದರೆ ಮಗುವಿಗೆ ಎಲ್ಲಿ ತೊಡಕಾಯಿತೆಂದು ತಿಳಿಯುವುದಿಲ್ಲ. ಆ ಪ್ರಶ್ನೆ ಮಗುವನ್ನು ಪರೀಕ್ಷಿಸಲು ಇರುವಂಥದ್ದು, ಶಾಲೆಯಲ್ಲಿ ಅದಕ್ಕೆ ಅದರದೇ ಮರ್ಯಾದೆ ಇದೆ. ಮನೆಯಲ್ಲಿ ಅದೇ ಪ್ರಶ್ನೆಯನ್ನು ಕೇಳಿದರೆ ಎದುರಿಗಿರುವವರು ತಮ್ಮನ್ನು ಅಳೆಯಲಾಗುತ್ತಿದೆ ಎಂದು ತಕ್ಷಣ ಅರಿಯುತ್ತಾರೆ. ಚಿಕ್ಕವರು ಓಡಿಹೋಗುತ್ತಾರೆ, ದೊಡ್ಡವರು ಮೌನವಾಗುತ್ತಾರೆ. ಮೂರು ದಶಕಕ್ಕೂ ಮಿಕ್ಕಿ ಕಲಿಸಿದವರು ಈಗ ಕಲಿಯಬೇಕಾದದ್ದು ಒಂದೇ ಎಂದು ನಾನು ದೃಢವಾಗಿ ನಂಬಿದ್ದೇನೆ: ಉತ್ತರ ತನಗೆ ಗೊತ್ತಿಲ್ಲದ ಪ್ರಶ್ನೆಯನ್ನು ಕೇಳುವುದು, ಕೇಳಿ ಕಾಯುವುದು, ಬಂದ ಉತ್ತರವನ್ನು ತಿದ್ದದೆ ಇಟ್ಟುಕೊಳ್ಳುವುದು. ಮೂರನೆಯದು ಎಲ್ಲಕ್ಕಿಂತ ಕಠಿಣ. ನಿಮ್ಮ ಉಳಿದೆಲ್ಲ ಪ್ರಶ್ನೆಗಳಿಗೂ, ಹಣಕಾಸಿನ ಪ್ರಶ್ನೆಗೆ ಕೂಡ, ದಾರಿ ಇಲ್ಲಿಂದಲೇ ತೆರೆಯುತ್ತದೆ.

ಯಾವುದರಿಂದ ಆರಂಭಿಸಲಿ ಎಂದು ಕೇಳಿದ್ದೀರಿ. ಉಪ್ಪಿನ ಭರಣಿಯಿಂದಲೇ ಆರಂಭಿಸಿ. ಅದು ಒಲೆಯ ಪಕ್ಕದಲ್ಲೇ ಏಕಿರಬೇಕು ಎಂದು ನಿಮ್ಮ ಮನೆಯವರನ್ನು ಕೇಳಿ. ನನ್ನದೊಂದು ಊಹೆ ಇದೆ. ನಿಮ್ಮ ಕಡೆಯ ಮನೆಗಳಲ್ಲಿ ಇನ್ನೂ ಸಾಣಿಕಟ್ಟೆಯ ಹರಳುಪ್ಪು ಬಳಸುವವರಿದ್ದಾರೆ. ಸಮುದ್ರದ ನೀರನ್ನು ಬಿಸಿಲಿಗೆ ಇಂಗಿಸಿ ತೆಗೆದ ಆ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡಿನ ಜೊತೆ ಅಲ್ಪಸ್ವಲ್ಪ ಮೆಗ್ನೀಸಿಯಂ ಕ್ಲೋರೈಡೂ ಇರುತ್ತದೆ. ಗಾಳಿಯ ತೇವವನ್ನು ಹೀರಿ ನೀರಾಗುವ ಲವಣಗಳ ಪಾಠವನ್ನು ನೀವೇ ಎಷ್ಟೋ ಸಲ ಮಾಡಿರುತ್ತೀರಿ. ಆಷಾಢದ ಮಳೆಯಲ್ಲಿ, ಗೋಡೆಗಳೇ ಬೆವರುವ ಕರಾವಳಿಯ ಮನೆಯಲ್ಲಿ, ಆ ಉಪ್ಪು ಮೇಲಿನ ಹಲಗೆಯಲ್ಲಿ ಕೂತರೆ ಭರಣಿಯ ತಳದಲ್ಲಿ ನೀರು ನಿಲ್ಲುತ್ತದೆ; ಒಲೆಯ ಬಿಸಿ ತಾಗುವ ಕಡೆ ಇದ್ದರೆ ಕೈಗೆ ಪುಡಿಪುಡಿಯಾಗಿ ಬರುತ್ತದೆ. ಹೀಗೆ ನಾನು ಊಹಿಸಿದರೂ ನಿಮ್ಮ ಮನೆಯವರ ಕಾರಣ ಬೇರೆಯೇ ಇರಬಹುದು. ಸೊಂಟನೋವಿಗೆ ಮೇಲೆ ಕೈಯೆತ್ತಲಾಗದಿರಬಹುದು, ಅವರ ಅತ್ತೆ ಅಲ್ಲೇ ಇಡುತ್ತಿದ್ದರು ಎಂಬುದಿರಬಹುದು. ಆದ್ದರಿಂದ ನನ್ನ ಊಹೆಯನ್ನು ಅವರಿಗೆ ಹೇಳಿ "ಹೌದಲ್ಲವೇ" ಎಂದು ಕೇಳಬೇಡಿ. ಅದು ಮತ್ತೆ ಪರೀಕ್ಷೆಯಾಗುತ್ತದೆ.

ಆ ಅಡುಗೆಮನೆ ನೀವು ಶಾಲೆಯಲ್ಲಿದ್ದ ಅಷ್ಟೂ ವರ್ಷ ಒಂದು ವ್ಯವಸ್ಥೆಯ ಮೇಲೆ ನಡೆದಿದೆ, ಅದರ ವಾರ್ಷಿಕ ಯೋಜನೆ ನಿಮ್ಮ ಶಾಲೆಯ ಯೋಜನೆಗಿಂತ ಬಿಗಿಯಾದದ್ದು. ಘಟ್ಟದ ಕೆಳಗಿನ ಮನೆಗಳಲ್ಲಿ ಮಾರ್ಚಿನಿಂದ ಮೇ ಕೊನೆಯವರೆಗೆ ಹೆಂಗಸರು ಮಾಡುವ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಇದು ಗೊತ್ತು. ಮಾವಿನ ಮಿಡಿ ಬಂದ ಕೂಡಲೇ ಉಪ್ಪಿನಲ್ಲಿ ಹಾಕಬೇಕು. ಹಲಸು ಬಲಿತು ಹಣ್ಣಾಗುವುದರೊಳಗೆ ಹಪ್ಪಳ ಲಟ್ಟಿಸಿ ಒಣಗಿಸಬೇಕು. ಮುರುಗಲ ಹಣ್ಣಿನ ಸಿಪ್ಪೆಯನ್ನು ಬಿಸಿಲಿಗೆ ಹರವಬೇಕು, ಸಂಜೆ ಮೋಡ ಕಂಡರೆ ಓಡಿಹೋಗಿ ಒಳಗೆ ತರಬೇಕು. ನಿಷೇಧದ ಎರಡು ತಿಂಗಳಿಗೆ ಒಣಮೀನು ಕೂಡಿಡಬೇಕು. ಕಟ್ಟಿಗೆ, ತೆಂಗಿನ ಮಡಲು ನೆನೆಯದ ಜಾಗಕ್ಕೆ ಹೋಗಬೇಕು. ಇವುಗಳಲ್ಲಿ ಒಂದು ವಾರ ತಪ್ಪಿದರೂ ಮಳೆಗಾಲವಿಡೀ ಅದರ ಕೊರತೆ ಕಾಡುತ್ತದೆ. ನಿಮ್ಮ ಮನೆಯವರು ಈ ಲೆಕ್ಕವನ್ನು ಎಲ್ಲೂ ಬರೆದಿಟ್ಟಿಲ್ಲ, ಆದ್ದರಿಂದ ಅಲ್ಲಿ ಲೆಕ್ಕವೇ ಇಲ್ಲವೆಂದು ನಿಮಗೆ ತೋರಿರಬಹುದು. ಹೆಸರು ಬರೆದ ಚೀಟಿ ಡಬ್ಬಿಗೆ ಬೇಕಾಗುವುದು ಒಳಗೇನಿದೆಯೆಂದು ಗೊತ್ತಿಲ್ಲದವರಿಗೆ ಮಾತ್ರ.

ಹಾಗೆಂದು ಅಡುಗೆಮನೆಯಿಂದ ದೂರವಿರಿ ಎಂದು ನಾನು ಹೇಳುವುದಿಲ್ಲ. ಗಂಡ ನಿವೃತ್ತನಾದ ಮೇಲೂ ಹೆಂಡತಿಗೆ ನಿವೃತ್ತಿಯಿಲ್ಲ ಎಂಬುದು ನಮ್ಮ ಸಮಾಜದ ದೊಡ್ಡ ಅನ್ಯಾಯ. ಇಡೀ ದಿನ ಮನೆಯಲ್ಲೇ ಇರುವ ಗಂಡಸಿಗೆ ಹನ್ನೊಂದರ ಚಹಾ, ಮೂರರ ಚಹಾ ಎಂದು ಅವರ ಕೆಲಸ ಹೆಚ್ಚಿಯೇ ಇರುತ್ತದೆ. ನೀವು ಒಂದು ಕೆಲಸವನ್ನು ಪೂರ್ತಿಯಾಗಿ ವಹಿಸಿಕೊಳ್ಳಿ. ಯಾವುದೆಂದು ಅವರೇ ಹೇಳಲಿ. ಮೀನು ತರುವ ಕೆಲಸವನ್ನು ಕೊಟ್ಟರು ಎಂದಿಟ್ಟುಕೊಳ್ಳಿ: ಮೊದಲ ಕೆಲವು ವಾರ ಅವರ ಜೊತೆ ಹೋಗಿ, ಬುಟ್ಟಿಯ ಮುಂದೆ ಕೂತವರ ಜೊತೆ ಅವರು ಹೇಗೆ ಮಾತನಾಡುತ್ತಾರೆ, ಕಿವಿರನ್ನು ಎತ್ತಿ ಏನು ನೋಡುತ್ತಾರೆ, ಬೆರಳಿನಿಂದ ಒತ್ತಿ ಏನು ತಿಳಿಯುತ್ತಾರೆ, ಯಾವ ದರಕ್ಕೆ ಎದ್ದುಬಿಡುತ್ತಾರೆ ಎಂದು ನೋಡಿ. ಆಮೇಲೆ ಒಬ್ಬರೇ ಹೋಗಿ. ತಂದ ಬಂಗುಡೆ ಚೆನ್ನಾಗಿಲ್ಲ ಎಂದು ಅವರು ಹೇಳಿದರೆ ಕೇಳಿಸಿಕೊಳ್ಳಿ. ಅರ್ಧಂಬರ್ಧ ಸಹಾಯಕ್ಕಿಂತ ಇದು ಮೇಲು. "ನಾನು ಸಹಾಯ ಮಾಡುತ್ತೇನೆ" ಎನ್ನುವವರಿಗೆ ಪ್ರತಿ ಹೆಜ್ಜೆಯನ್ನೂ ಹೇಳಿಕೊಡಬೇಕಾಗುತ್ತದೆ, ಪೂರ್ತಿ ವಹಿಸಿಕೊಂಡವರು ಮನೆಯವರ ತಲೆಯಿಂದ ಒಂದು ಯೋಚನೆಯನ್ನೇ ಇಳಿಸುತ್ತಾರೆ.

ಮೊಮ್ಮಗಳ ವಿಷಯ ಇಷ್ಟು ದೀರ್ಘವಾಗಿ ಹೇಳಬೇಕಾದದ್ದಲ್ಲ. ಏಳು ವರ್ಷದ ಮಗುವಿಗೆ ಏಳೆಂಟಲೆ ಎಷ್ಟೆಂದು ಕೇಳುವವರು ಶಾಲೆಯಲ್ಲೇ ಇದ್ದಾರೆ. ಅಜ್ಜನಿಗೆ ಗೊತ್ತಿಲ್ಲದ್ದು ಆ ಮಗುವಿಗೆ ಬೇಕಾದಷ್ಟು ಗೊತ್ತಿದೆ. ಅವಳ ಶಾಲಾ ಬಸ್ಸಿನಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ, ಅಪಾರ್ಟ್‌ಮೆಂಟಿನ ಬೆಕ್ಕು ಯಾರ ಮನೆಯದು, ಅವಳು ಆಡುವ ಆಟದ ನಿಯಮವೇನು, ಇವೆಲ್ಲ ನಿಮಗೆ ನಿಜವಾಗಿ ಗೊತ್ತಿಲ್ಲ, ಆದ್ದರಿಂದ ಕೇಳಿ. ಹೇಳುತ್ತಾ ಹೇಳುತ್ತಾ ಅವಳು ಲೆಕ್ಕ ತಪ್ಪಿದರೂ, ಕನ್ನಡದಲ್ಲಿ ಇಂಗ್ಲಿಷ್ ಬೆರೆಸಿದರೂ ತಿದ್ದಬೇಡಿ. ಅವಳು ಓಡಿಹೋಗಲು ಕೆಲವು ದಿನ ಸಾಕಾಯಿತು, ಮರಳಿ ಬರಲು ಹೆಚ್ಚು ದಿನ ಬೇಕಾಗುತ್ತದೆ ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಿ. ಗಣಿತ ಮುಂದೊಂದು ದಿನ ಅವಳೇ ಕೇಳಿದಾಗ ಹೇಳಿಕೊಟ್ಟರಾಯಿತು.

ಈಗ ಮಗನ ಮಾತಿಗೆ ಬರುತ್ತೇನೆ, ಏಕೆಂದರೆ ಇಲ್ಲಿ ಅವಸರ ಮಾಡಿದರೆ ಹಿಂದಿರುಗಿ ಬರುವ ದಾರಿ ಇರುವುದಿಲ್ಲ. "ಎಲ್ಲರೂ ಒಟ್ಟಿಗಿರೋಣ" ಎಂದು ಅವರು ಹೇಳಿದ್ದಾರೆ. ಇದಕ್ಕೆ ಸಿದ್ಧ ಅರ್ಥ ಕೊಟ್ಟು, ಹಣಕ್ಕಾಗಿ ಹೇಳುತ್ತಿದ್ದಾನೆ ಎಂದೋ, ಪ್ರೀತಿಗಾಗಿ ಹೇಳುತ್ತಿದ್ದಾನೆ ಎಂದೋ ತೀರ್ಮಾನಿಸುವ ಮೊದಲು, ಅವರಿಗೆ ಯಾವುದರ ಚಿಂತೆ ಕಾಡುತ್ತಿದೆ ಎಂದು ಕೇಳಿ. ನಮ್ಮ ಜಿಲ್ಲೆಯಿಂದ ಹೊರಗೆ ನೆಲೆಸಿದ ಮಕ್ಕಳ ಜೊತೆ ಮಾತನಾಡಿದಾಗಲೆಲ್ಲ ನನಗೆ ಕೇಳಿಬಂದದ್ದು ಹೆಚ್ಚಾಗಿ ಒಂದೇ ಭಯ: ನಡುರಾತ್ರಿ ಅಪ್ಪನಿಗೆ ಎದೆನೋವು ಬಂದರೆ ಏನು ಮಾಡುವುದು? ಕಾರವಾರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದ್ದರೂ ಹೃದಯ, ಮಿದುಳಿನ ದೊಡ್ಡ ಚಿಕಿತ್ಸೆಗೆ ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಗೋವಾಕ್ಕೋ ಓಡುವ ಸ್ಥಿತಿ ನಮ್ಮದು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ವರ್ಷಗಟ್ಟಲೆ ಬೇಡಿಕೆ ಇಡುತ್ತಾ ಬಂದಿರುವುದು ಸುಮ್ಮನೆ ಅಲ್ಲ. ನಿಮ್ಮ ಮಗನ ಚಿಂತೆ ಇದೇ ಆಗಿದ್ದರೆ ಅದಕ್ಕೆ ಉತ್ತರ ಫ್ಲ್ಯಾಟ್ ಒಂದೇ ಅಲ್ಲ. ಆರೋಗ್ಯ ವಿಮೆಯನ್ನು ಈಗಲೇ ಮಾಡಿಸಿ. ಮೊದಲೇ ಇರುವ ಕಾಯಿಲೆಗಳಿಗೆ ಕಾಯಬೇಕಾದ ಅವಧಿ ಮೂರು ವರ್ಷ ಮೀರಬಾರದೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ, ಆದ್ದರಿಂದ ಇಂದು ಮಾಡಿಸಿದ ವಿಮೆ ಅರವತ್ತಮೂರರ ಹೊತ್ತಿಗೆ ಪೂರ್ಣವಾಗಿ ಉಪಯೋಗಕ್ಕೆ ಬರುತ್ತದೆ. ರಾತ್ರಿ ಕರೆದರೆ ಬರುವ ಗಾಡಿ ಯಾರದು, ಯಾವ ಆಸ್ಪತ್ರೆಗೆ ಹೋಗಬೇಕು, ನಿಮ್ಮ ಔಷಧಿಗಳ ಪಟ್ಟಿ ಎಲ್ಲಿದೆ ಎಂಬುದನ್ನು ಮಗನೊಂದಿಗೆ ಕೂತು ನಿರ್ಧರಿಸಿ. ಅವರ ಚಿಂತೆ ಬೇರೆಯದಾದರೆ, ಉದಾಹರಣೆಗೆ ಮಗಳನ್ನು ಸಂಜೆ ನೋಡಿಕೊಳ್ಳುವವರಿಲ್ಲ ಎಂಬುದಾದರೆ, ಅದನ್ನು ಅವರು ಬಾಯಿಬಿಟ್ಟು ಹೇಳುವಂತಾಗಲಿ. ಸೊಸೆಯನ್ನೂ ಪ್ರತ್ಯೇಕವಾಗಿ ಕೇಳಬೇಕು. ಒಟ್ಟಿಗಿರುವುದರ ಅರ್ಧ ಭಾರ ಅವರ ಮೇಲೇ ಬೀಳುವುದು.

ಇನ್ನು ಮನೆ ಮಾರುವ ಮಾತು. ನಿಮ್ಮ ತಂದೆಯವರ ಸ್ವಂತ ದುಡಿಮೆಯ ಮನೆ, ಉಯಿಲು ಇಲ್ಲ ಎಂದಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅದು ನಿಮ್ಮೊಬ್ಬರದಲ್ಲ. ತಾಯಿ, ನೀವು, ಇಬ್ಬರು ತಂಗಿಯರು, ಈ ನಾಲ್ವರೂ ಸಮಾನ ವಾರಸುದಾರರು. ತಂಗಿಯರ ಮದುವೆಯಾಗಿದೆ ಎಂಬುದರಿಂದ ಅವರ ಪಾಲು ಕಡಿಮೆಯಾಗುವುದಿಲ್ಲ. ಪಂಚಾಯಿತಿಯ ದಾಖಲೆಯಲ್ಲಿ ನಿಮ್ಮ ಹೆಸರೊಂದೇ ಇದ್ದರೂ ಈ ಹಕ್ಕು ಅಳಿಯದು. ಆದ್ದರಿಂದ ಮಾರುವ ಮಾತು ನಿಮ್ಮ ಮತ್ತು ಮಗನ ನಡುವೆ ಮುಗಿಯುವಂಥದ್ದೇ ಅಲ್ಲ. ಈ ಸತ್ಯವನ್ನು ಮಗನಿಗೆ ಶಾಂತವಾಗಿ ತಿಳಿಸಿ. ತಂಗಿಯರ ಮುಂದೆ ಕಾಗದ ಹಿಡಿದು ಸಹಿ ಕೇಳಲು ಮಾತ್ರ ಹೋಗಬೇಡಿ. ಮನೆಯ ಬಗ್ಗೆ ಅವರ ಮನಸ್ಸಿನಲ್ಲಿ ಏನಿದೆ ಎಂದು ಕೇಳಲು ಹೋಗಿ. ಚೌತಿಗೆ, ದೀಪಾವಳಿಗೆ ತವರಿಗೆ ಬರುವ ಹೆಣ್ಣುಮಕ್ಕಳಿಗೆ ಮಾರಿದ ಮನೆಯ ಹಣದಲ್ಲಿ ಪಾಲು ಸಿಕ್ಕರೂ ತವರು ಸಿಗುವುದಿಲ್ಲ. ಅದನ್ನು ಅವರು ಎಷ್ಟಕ್ಕೆ ತೂಗುತ್ತಾರೆ ಎಂಬುದು ನಿಮಗೂ ನನಗೂ ಗೊತ್ತಿಲ್ಲ.

ನಿವೃತ್ತಿಯ ಹಣದ ಬಗ್ಗೆ ನಾನು ಖಂಡಿತವಾದ ಮಾತು ಹೇಳುತ್ತೇನೆ: ಪೂರ್ತಿ ಮೊತ್ತವನ್ನು ಫ್ಲ್ಯಾಟಿಗೆ ಹಾಕಬೇಡಿ. 1993ರಲ್ಲಿ ಸೇವೆಗೆ ಸೇರಿದವರಾದ್ದರಿಂದ ನಿಮಗೆ ಹಳೆಯ ಪಿಂಚಣಿ ಇದೆ. 2006ರ ಏಪ್ರಿಲ್ 1ರಿಂದ ಮುಂದೆ ಸೇರಿದವರಿಗೆ ಆ ಭರವಸೆ ಸಿಕ್ಕಲಿಲ್ಲ. ಆದರೂ ಪಿಂಚಣಿಯ ಮೂರನೇ ಒಂದು ಭಾಗದವರೆಗೆ ಪರಿವರ್ತಿಸಿ ಇಡುಗಂಟಾಗಿ ಪಡೆದಿದ್ದರೆ, ಅಷ್ಟು ಭಾಗ ಮರಳಿ ಸೇರುವುದು ಹದಿನೈದು ವರ್ಷದ ನಂತರ. ಅಂದರೆ ಎಪ್ಪತ್ತೈದರವರೆಗೆ ನಿಮ್ಮ ತಿಂಗಳ ಆದಾಯ ಅಷ್ಟರಮಟ್ಟಿಗೆ ಕಡಿಮೆ, ಆ ಕೊರತೆಯನ್ನು ತುಂಬಬೇಕಾದದ್ದು ಕೈಗೆ ಬಂದ ಈ ಇಡುಗಂಟೇ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು 30 ಲಕ್ಷ ರೂಪಾಯಿವರೆಗೆ ಇಡಬಹುದು, ಐದು ವರ್ಷದ ಅವಧಿ, ಬಡ್ಡಿ ಮೂರು ತಿಂಗಳಿಗೊಮ್ಮೆ ಕೈಗೆ ಬರುತ್ತದೆ. ಹೆಂಡತಿಯ ಹೆಸರನ್ನು ಜಂಟಿಯಾಗಿ ಸೇರಿಸಬಹುದು. ಬ್ಯಾಂಕಿನ ಠೇವಣಿಗೆ ಐದು ಲಕ್ಷದವರೆಗೆ ವಿಮೆಯ ರಕ್ಷಣೆ ಇದೆ. ನಮ್ಮ ಜಿಲ್ಲೆಯಲ್ಲಿ ಸಹಕಾರಿ ಸಂಘಗಳ ಮೇಲೆ ಜನರಿಗೆ ಅಪಾರ ವಿಶ್ವಾಸ, ಬಹಳಷ್ಟು ಸಂಘಗಳು ಆ ವಿಶ್ವಾಸಕ್ಕೆ ತಕ್ಕಂತೆ ನಡೆದಿವೆ. ಆದರೆ ಬ್ಯಾಂಕ್ ಅಲ್ಲದ ಪತ್ತಿನ ಸಂಘದ ಠೇವಣಿಗೆ ಆ ವಿಮೆ ಅನ್ವಯಿಸುವುದಿಲ್ಲ ಎಂಬುದನ್ನು ತಿಳಿದೇ ಅಲ್ಲಿ ಇಡಿ, ಇರುವುದೆಲ್ಲವನ್ನೂ ಒಂದೇ ಕಡೆ ಇಡಬೇಡಿ. ಪಿಂಚಣಿ ಆದೇಶದ ಪ್ರತಿ, ಪಾಸ್‌ಬುಕ್ಕು, ನಾಮನಿರ್ದೇಶನದ ಕಾಗದಗಳು ಎಲ್ಲಿವೆ ಎಂಬುದು ನಿಮ್ಮ ಮನೆಯವರಿಗೆ ಗೊತ್ತಿರಲೇಬೇಕು. ನಿಮ್ಮ ನಂತರ ಕುಟುಂಬ ಪಿಂಚಣಿ ಪಡೆಯಬೇಕಾದವರು ಅವರು. ಗಂಡ ತೀರಿಕೊಂಡ ಮೇಲೆ ಯಾವ ಖಾತೆ ಎಲ್ಲಿದೆ ಎಂದು ತಿಳಿಯದೆ ಮೈದುನನನ್ನೋ ಅಳಿಯನನ್ನೋ ಕರೆದುಕೊಂಡು ಕಚೇರಿ ಅಲೆಯುವ ಹೆಂಗಸರನ್ನು ನಾನು ಕಂಡಿದ್ದೇನೆ, ಆ ಅಲೆದಾಟ ಯಾರಿಗೂ ಬೇಡ.

ಮುಂದೊಂದು ದಿನ ನಿಮ್ಮ ಪಾಲನ್ನು ಮಗನ ಹೆಸರಿಗೆ ಬರೆದುಕೊಡುವ ಮನಸ್ಸಾದರೆ, ದಾನಪತ್ರದಲ್ಲಿ ನಿಮ್ಮಿಬ್ಬರನ್ನೂ ನೋಡಿಕೊಳ್ಳಬೇಕೆಂಬ ಷರತ್ತನ್ನು ಸ್ಪಷ್ಟವಾಗಿ ಬರೆಸಿ. ಪೋಷಕರ ಹಾಗೂ ಹಿರಿಯ ನಾಗರಿಕರ ನಿರ್ವಹಣೆಯ 2007ರ ಕಾಯ್ದೆಯ 23ನೇ ಕಲಮಿನಂತೆ ಆ ಷರತ್ತು ಮುರಿದರೆ ದಾನವನ್ನು ರದ್ದುಪಡಿಸುವಂತೆ ಉಪವಿಭಾಗಾಧಿಕಾರಿಗಳ ಮುಂದೆ ಕೇಳಬಹುದು. ಷರತ್ತು ಬರೆಸುವುದು ಮಗನ ಮೇಲಿನ ಅಪನಂಬಿಕೆಯೆಂದು ಭಾವಿಸಬೇಡಿ. ಮಗ ಎಷ್ಟೇ ಒಳ್ಳೆಯವರಿರಲಿ, ಅವರ ನಂತರದವರಿಗೂ ಆ ಕಾಗದ ಮಾತನಾಡಬೇಕಾಗುತ್ತದೆ.

ಮಾರುವುದಕ್ಕೆ ಮೊದಲು ಇದ್ದು ನೋಡಿ. ಸಂಜೆ ಪಂಚಗಂಗಾ ರೈಲು ಹತ್ತಿದರೆ ಮರುದಿನ ಬೆಳಿಗ್ಗೆ ಬೆಂಗಳೂರು. ಸೂಟಿಯಲ್ಲಿ ಮಾತ್ರ ಹೋಗಬೇಡಿ. ಸೂಟಿಯಲ್ಲಿ ಎಲ್ಲರೂ ಮನೆಯಲ್ಲಿರುತ್ತಾರೆ, ಹಬ್ಬದ ಅಡುಗೆ ಇರುತ್ತದೆ, ಊರು ಚೆಂದ ಕಾಣುತ್ತದೆ. ಶಾಲೆ, ಕಚೇರಿಗಳು ನಡೆಯುತ್ತಿರುವ ಎರಡು ಮೂರು ತಿಂಗಳು ಇದ್ದರೆ, ಮಗ ಸೊಸೆ ಬೆಳಿಗ್ಗೆ ಹೊರಟುಹೋದ ಮೇಲೆ ಆ ಮನೆಯಲ್ಲಿ ಹಗಲು ಹೇಗೆ ಕಳೆಯುತ್ತದೆ, ನಿಮ್ಮ ಮನೆಯವರಿಗೆ ಅಲ್ಲಿ ಮಾತನಾಡಲು ಯಾರಿದ್ದಾರೆ ಎಂಬುದು ತಿಳಿಯುತ್ತದೆ. ಅಲ್ಲಿ ಅವರು ನಿಮಗಿಂತ ಸುಲಭವಾಗಿ ಹೊಂದಿಕೊಂಡರೂ ಆಶ್ಚರ್ಯವಿಲ್ಲ. ಆಗ ನಿಮ್ಮ ತೀರ್ಮಾನ ಬದಲಾಗಬಹುದು, ಬದಲಾಗಲಿ. ಆ ತಿಂಗಳುಗಳಲ್ಲಿ ಊರಿನಲ್ಲಿ ತಾಯಿಯವರ ಜೊತೆ ಯಾರಿರಬೇಕು ಎಂಬುದನ್ನು ತಾಯಿಯವರನ್ನೇ ಕೇಳಿ ನಿರ್ಧರಿಸಿ.

ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ನೋವು ತಂದ ಸಾಲು "ತಾಯಿ ಏನನ್ನೂ ಹೇಳುವುದಿಲ್ಲ" ಎಂಬುದು. ಎಂಬತ್ತು ದಾಟಿದವರು ಏನೂ ಹೇಳದಿರುವುದಕ್ಕೆ ಅವರಿಗೆ ಹೇಳಲು ಏನೂ ಇಲ್ಲ ಎಂಬುದು ಕಾರಣವಾಗಿರುವುದು ಬಹಳ ಅಪರೂಪ. ಮನೆ ಮಾರುವ ಮಾತನ್ನು ಅವರು ಒಳಗಿನಿಂದ ಕೇಳಿಸಿಕೊಂಡಿರುತ್ತಾರೆ. ಆದರೆ ಆ ಪ್ರಶ್ನೆಯಿಂದಲೇ ಅವರ ಬಳಿ ಮಾತು ತೆಗೆಯಬೇಡಿ, ಅವರ ಮೇಲೆ ತೀರ್ಪಿನ ಭಾರ ಹೊರಿಸಿದಂತಾಗುತ್ತದೆ. ಅವರು ಹುಟ್ಟಿದಾಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು; ಅವರು ಶಾಲೆಗೆ ಹೋಗಿದ್ದರೆ ಏಳನೇ ತರಗತಿಯ ಕೊನೆಗೆ ಮುಲ್ಕಿ ಪರೀಕ್ಷೆ ಇದ್ದ ಕಾಲದ ಶಾಲೆಗೆ ಹೋಗಿರುತ್ತಾರೆ. ಆ ಶಾಲೆಯನ್ನು ಯಾವ ತರಗತಿಗೆ ಬಿಡಬೇಕಾಯಿತು, ಬಿಡಿಸಿದವರು ಯಾರು, ಮದುವೆಯಾಗಿ ಈ ಮನೆಗೆ ಬರುವಾಗ ಹೊಳೆಯನ್ನು ತಾರಿಯಲ್ಲಿ ದಾಟಿದರೇ, ಸೇತುವೆಗಳಿಲ್ಲದಾಗ ಹೆರಿಗೆಗೆ ಸೂಲಗಿತ್ತಿ ಎಲ್ಲಿಂದ ಬರುತ್ತಿದ್ದಳು, ಇವನ್ನು ಕೇಳಿ. ಮೂವತ್ತು ವರ್ಷ ಊರ ಮಕ್ಕಳ ಪ್ರಗತಿಪತ್ರ ಬರೆದವರಿಗೆ ತಮ್ಮ ತಾಯಿ ಎಷ್ಟು ಓದಿದ್ದಾರೆಂಬುದು ಗೊತ್ತಿಲ್ಲದಿರುವುದು ನಮ್ಮಲ್ಲಿ ಸಾಮಾನ್ಯ. ಮೊದಲ ದಿನ ಅವರು "ಅದೆಲ್ಲ ಈಗ ಯಾಕೆ" ಎನ್ನಬಹುದು. ಪಕ್ಕದಲ್ಲಿ ಕೂತು ಬೇರೇನಾದರೂ ಕೆಲಸ ಮಾಡುತ್ತಿರಿ, ಬತ್ತಿ ಹೊಸೆಯುವುದೋ, ಅಡಿಕೆ ಹೋಳು ಮಾಡಿಕೊಡುವುದೋ. ಎದುರು ಕೂತು ಮುಖ ನೋಡುತ್ತಾ ಕೇಳಿದರೆ ಹಿರಿಯರು ಮಾತನಾಡುವುದಿಲ್ಲ. ಈ ಮಾತುಗಳು ಹರಿದು ಬರತೊಡಗಿದ ಮೇಲೆ, ಮನೆಯ ಬಗ್ಗೆ ಅವರ ಮನಸ್ಸಿನಲ್ಲಿರುವುದು ಕೇಳದೆಯೂ ಹೊರಬರುತ್ತದೆ. ತಮ್ಮ ಪಾಲಿನ ಹಕ್ಕು ಇದೆ ಎಂಬುದೂ ಅವರಿಗೆ ತಿಳಿದಿರಬೇಕು. ಅದನ್ನು ತಿಳಿಸಬೇಕಾದವರು ನೀವು.

ನಿಮ್ಮ ಸ್ವಂತ ಬೆಳವಣಿಗೆಯ ಬಗ್ಗೆಯೂ ಹೇಳಬೇಕು. ಗೊತ್ತಿಲ್ಲದ ಒಂದು ವಿದ್ಯೆಯನ್ನು, ಸಾಧ್ಯವಾದರೆ ನಿಮಗಿಂತ ಕಿರಿಯರಿಂದ ಕಲಿಯಲು ಹೋಗಿ. ನಾನು ಉಪ್ಪಿನಕಾಯಿಯ ಮಾವಾದ ಅಪ್ಪೆಮಿಡಿಗೆ ಕಸಿ ಕಟ್ಟುವುದನ್ನು ಕಲಿತದ್ದು ಹಿಂದೊಮ್ಮೆ ನನ್ನ ತರಗತಿಯಲ್ಲಿ ಕೂತಿದ್ದ ಯುವಕನಿಂದ. ನಮ್ಮಲ್ಲಿ ಮಳೆಗಾಲ ಅದಕ್ಕೆ ತಕ್ಕ ಕಾಲ. ಆರಿಸಿದ ಕಡ್ಡಿಯ ಎಲೆಗಳನ್ನು ಒಂದು ವಾರ, ಹತ್ತು ದಿನ ಮೊದಲೇ ಮರದ ಮೇಲಿರುವಾಗಲೇ ಸವರಿಬಿಡಬೇಕು, ತೊಟ್ಟುಗಳು ತಾವಾಗಿ ಉದುರಿ ಮೊಗ್ಗು ಉಬ್ಬಿದ ಮೇಲೆ ಕಡ್ಡಿ ಕತ್ತರಿಸಬೇಕು. ಪಾತಿಯ ಎಳೆಗಿಡದ ತಲೆ ಕೊಯ್ದು ನಡುವೆ ಸೀಳಿ, ಕಡ್ಡಿಯ ಬುಡವನ್ನು ಎರಡೂ ಕಡೆ ಓರೆಯಾಗಿ ಕೆತ್ತಿ ಆ ಸೀಳಿಗೆ ಇಳಿಸಿ, ಒಂದು ಬದಿಯ ಸಿಪ್ಪೆಗೆ ಸಿಪ್ಪೆ ಸರಿಯಾಗಿ ಕೂಡುವಂತೆ ಹಿಡಿದು ಪ್ಲಾಸ್ಟಿಕ್ ಪಟ್ಟಿಯಿಂದ ಸುತ್ತಿ, ಮೇಲೊಂದು ಸಣ್ಣ ಪ್ಲಾಸ್ಟಿಕ್ ಚೀಲ ಇಳಿಬಿಡುತ್ತಾರೆ. "ಸರ್, ಬ್ಲೇಡು ಒಂದೇ ಎಳೆತಕ್ಕೆ ಬರಬೇಕು, ಎರಡನೇ ಸಲ ತಾಗಿಸಿದರೆ ಮೈ ಏರುಪೇರಾಗುತ್ತದೆ" ಎಂದು ಅವನು ನನ್ನ ಕೈ ಹಿಡಿದು ತೋರಿಸಿದ. ಆ ಹೊತ್ತಿನಲ್ಲಿ ನನಗೆ ಆದ ಸಂತೋಷವನ್ನು ಯಾವ ಸನ್ಮಾನದಲ್ಲೂ ಕಂಡಿಲ್ಲ. ಎರಡು ಮೂರು ವಾರದಲ್ಲಿ ತಾಮ್ರಬಣ್ಣದ ಚಿಗುರು ಒಡೆದರೆ ಕಸಿ ಹಿಡಿಯಿತು ಎಂದು ಅರ್ಥ; ಒಣಗಿದರೆ ಏಕೆ ಒಣಗಿತೆಂದು ಅವನನ್ನೇ ಕೇಳಬೇಕು. ಗಣಿತದ ಮಾಸ್ತರರಿಗೆ ಕಸಿಯೇ ಆಗಬೇಕೆಂದಿಲ್ಲ, ತಾಳಮದ್ದಲೆಯ ಮದ್ದಳೆಯಾಗಲಿ, ಈಜಾಗಲಿ, ಕೊಂಕಣಿ ಓದುವುದಾಗಲಿ, ನೀವು ಆ ತರಗತಿಯಲ್ಲಿ ಎಲ್ಲರಿಗಿಂತ ಹಿಂದಿರುವಂಥದ್ದಾಗಿದ್ದರೆ ಸಾಕು. ಸಂಘ ಸಂಸ್ಥೆಗಳ ಅಧ್ಯಕ್ಷಗಿರಿ ಕೇಳಿಕೊಂಡು ಬರುವವರಿಗೆ ಮಾತ್ರ ಒಂದು ವರ್ಷ ಕಾಯಲು ಹೇಳಿ. ವೇದಿಕೆ ಸಿಕ್ಕಿದ ಕೂಡಲೇ ಹಳೆಯ ಅಭ್ಯಾಸ ಮರಳಿ ಗಟ್ಟಿಯಾಗುತ್ತದೆ.

ಕೊನೆಯದಾಗಿ ಉಚಿತ ಪಾಠದ ವಿಚಾರ. ನಿಮ್ಮ ಉದ್ದೇಶ ಒಳ್ಳೆಯದು, ಗಣಿತದಲ್ಲಿ ಹಿಂದುಳಿದು ಎಸ್ಸೆಸ್ಸೆಲ್ಸಿಯಲ್ಲಿ ಎಡವುವ ಮಕ್ಕಳಿಗೆ ನಿಮ್ಮಂಥವರ ಅಗತ್ಯ ನಿಜವಾಗಿಯೂ ಇದೆ. ಆದರೆ ಮೊದಲ ವರ್ಷ ನಿಮ್ಮ ಹಳೆಯ ಶಾಲೆಗೆ ಹೋಗಬೇಡಿ. ನಿಮ್ಮ ಜಾಗಕ್ಕೆ ಬಂದವರು ಅತಿಥಿ ಶಿಕ್ಷಕರಾಗಿರಲಿ, ಕಾಯಂ ಆಗಿರಲಿ, ಮಕ್ಕಳ ಎದುರು ಅವರು ತಮ್ಮ ನೆಲೆ ಕಂಡುಕೊಳ್ಳಬೇಕು. ಹಿಂದಿನ ಮಾಸ್ತರರು ಪಕ್ಕದ ಕೋಣೆಯಲ್ಲಿ ಅದೇ ಪಾಠ ಮಾಡುತ್ತಿದ್ದರೆ ಅದು ಆಗದು. ಬೇರೊಂದು ಶಾಲೆಯ ಮುಖ್ಯಾಧ್ಯಾಪಕರ ಬಳಿ ಹೋಗಿ, "ನಾನು ಹತ್ತನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ" ಎನ್ನುವ ಬದಲು ಅವರಿಗೆ ಏನು ಬೇಕಾಗಿದೆ ಎಂದು ಕೇಳಿ. ಭಿನ್ನರಾಶಿಯ ವ್ಯವಕಲನವೇ ಬಾರದ ಎಂಟನೇ ತರಗತಿಯ ನಾಲ್ಕು ಮಕ್ಕಳ ಜೊತೆ ಮಧ್ಯಾಹ್ನ ಕೂರುವವರು ಬೇಕು ಎನ್ನಬಹುದು, ಪ್ರಯೋಗಾಲಯದ ಕಪಾಟು ವರ್ಷಗಳಿಂದ ತೆರೆದಿಲ್ಲ ಎನ್ನಬಹುದು. ಸಿಕ್ಕ ಕೆಲಸವನ್ನು ಮಾಡಿ. ಸದ್ಯಕ್ಕೆ ಬೇಡ ಎಂದರೆ ಒತ್ತಾಯಿಸಬೇಡಿ, ಮುಂದಿನ ಜೂನ್‌ನಲ್ಲಿ ಹೋಗಿ ಮತ್ತೊಮ್ಮೆ ಕೇಳಿ.